ಕಾಕಾ ಕೂಡಿಸಿದ ಗೇರು

ಗಂಗಾವತಿಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳ ಮುಂದೆ ಹಾದರೆ ಸಾಕು, ಗೇರ್ ಆಯಿಲ್‌ನ ಕಮಟು ವಾಸನೆ ಮೂಗಿಗೆ ಬಡಿದು ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಸಿದ್ದಾಪುರದ ನನ್ನ ತವರುಮನೆ ಕಣ್ಣಮುಂದೆ ಬರುತ್ತದೆ: ಅಂಗಳದಲ್ಲಿ ಹಿಂದಿನ ಗಾಲಿ ಬಿಚ್ಚಿ ನಿಲ್ಲಿಸಿದ ಟ್ರ್ಯಾಕ್ಟರ್, ಅವ್ವನ ಹಳೆಯ ಕೌದಿಯ ಮೇಲೆ ಎಣ್ಣೆ ಸುರಿಸುವ ಗೇರುಗಳು, ಆಚೆ ಅಪ್ಪ, ಈಚೆ ಅವನ ತಮ್ಮ, ನಮ್ಮ ಕಾಕಾ. ಇಬ್ಬರೂ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದ ಕಾಲ. ಆದರೆ ಆ ವರ್ಷ ಮಾತುಮಾತಿಗೂ ಕಿಡಿ ಹಾರುತ್ತಿತ್ತು. ಕಾಕಾ ಬೇರೆಯಾಗಿಬಿಟ್ಟರೆ ಹೇಗೆ ಎಂಬ ಹೆದರಿಕೆಯಲ್ಲಿ ನಾನು ಊಟ ಬಿಟ್ಟು ಅವನ ಹಿಂದೆ ಹಿಂದೆ ತಿರುಗುತ್ತಿದ್ದೆ.

ಕಾಲುವೆಗೆ ನೀರು ಬಂದಿತ್ತು, ಸಸಿ ಬಲಿಯುತ್ತಿತ್ತು, ನಾಟಿಗೆಂದು ಗದ್ದೆಯ ಕೆಸರು ಕಲಸಿ ಇನ್ನೂ ರಾಡಿ ಹೊಡೆದಿರಲಿಲ್ಲ. ಕೌದಿಯ ಮೇಲೆ ಕಾಕಾ ಎಲ್ಲವನ್ನೂ ಜೋಡಿಸಿ ತೋರಿಸಿದ್ದ. ನಡುವೆ ಒಂದು ಚಿಕ್ಕ ಗೇರು, ಅದರ ಸುತ್ತ ಹಲ್ಲಿಗೆ ಹಲ್ಲು ಕೂಡಿಸಿಕೊಂಡ ಮೂರು, ಅವನ್ನೆಲ್ಲ ಬಳಸಿ ಒಳಮೈಗೆ ಹಲ್ಲಿರುವ ದೊಡ್ಡ ಬಳೆ. ನಡುವಿನದು ತಿರುಗಿದರೆ ಆ ಮೂರೂ ತಾವೂ ತಿರುಗುತ್ತ ಅದನ್ನೂ ಸುತ್ತುತ್ತವೆ, ಭಾರವನ್ನು ಸಮನಾಗಿ ಹೊರುತ್ತವೆ. ಮೂರರಲ್ಲಿ ಒಂದರ ಹಲ್ಲು ಮುರಿದಿತ್ತು.

"ಅಣ್ಣಾ, ಮೂರೂ ಕೂಡೇ ಬದ್ಲಿ ಮಾಡೂಣು. ಹಳೇವು ಸವದಾವ, ಭಾರೆಲ್ಲಾ ಹೊಸಾದರ ಮ್ಯಾಲೆ ಬೀಳತೈತಿ," ಅಂದ ಕಾಕಾ.

ಇದ್ದುದನ್ನು ಎಸೆಯುವುದೆಂದರೆ ಅಪ್ಪನಿಗೆ ಜೀವ ಹೋದಂತೆ; ನಮ್ಮ ಮನೆಯಲ್ಲಿ ಹರಿದ ಸೀರೆಯೂ ಕೌದಿಯಾಗದೆ ಹೊರಬೀಳುತ್ತಿರಲಿಲ್ಲ. ಮುರಿದದ್ದೊಂದರ ಬದಲಿಗಷ್ಟೇ ಹೊಸದನ್ನು ಕಾಕಾನ ಕೈಲಿ ಹಾಕಿಸಿದ. ಟ್ರ್ಯಾಕ್ಟರ್ ಕೆಸರಿನ ನಡುವೆ ಕಟಕಟ ಅಂದು ನಿಂತಿತು. ಹೊಸ ಗೇರಿನ ಹಲ್ಲು ಉದುರಿ ಉಳಿದವನ್ನೂ ಅರೆದು ಹಾಕಿತ್ತು. ಅಪ್ಪ ತನ್ನ ತಪ್ಪು ಒಪ್ಪಲಿಲ್ಲ. ಕಾಕಾನಿಗೆ ಸರಿಯಾಗಿ ಕೂಡಿಸಲು ಬರಲಿಲ್ಲವೆಂದು ನಾಲ್ಕು ಮಂದಿಯ ಮುಂದೆ ಬೈದ. ಅಯ್ಯೋ, ಆ ಮಾತೊಂದು ಆಡಬಾರದಿತ್ತು.

ಕಾಕಾ ಪೂರ್ತಿ ಸೆಟ್ ತಂದ, ಕೂಡಿಸಿದ, ಗದ್ದೆಯೆಲ್ಲ ರಾಡಿ ಹೊಡೆದು ಮುಗಿಸಿದ. ಟ್ರ್ಯಾಕ್ಟರ್ ತೊಳೆದು ಅಂಗಳಕ್ಕೆ ತಂದು ಚಾವಿಯನ್ನು ಅಪ್ಪನ ಮುಂದಿಟ್ಟ.

"ಇನ್ನ ಇದರ ಚಿಂತಿ ಇಲ್ಲಣ್ಣಾ. ನಾ ಬ್ಯಾರೆ ಆಗ್ತೀನಿ."

ಹೆಂಡತಿಯನ್ನು, ನಮ್ಮ ಚಿಗವ್ವನನ್ನು, ಕರೆದುಕೊಂಡು ಅಳವಂಡಿಯ ಕಡೆ, ಅವಳ ತವರಿಗೆ ಹೋದ. ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಹೋಗಿ ಕರೆಯಲು ಅಪ್ಪನಿಗೆ ಬಾಯಿ ಬರಲಿಲ್ಲ.

ಪ್ರತಿ ನಾಟಿಯ ಕಾಲಕ್ಕೂ ಅಪ್ಪ ಬದುವಿನ ಮೇಲೆ ಟ್ರ್ಯಾಕ್ಟರಿನ ಜೊತೆಜೊತೆಗೇ ಕಿವಿಗೊಟ್ಟು ನಡೆಯುತ್ತಿದ್ದ, ನಾನೂ ನಡೆಯುತ್ತಿದ್ದೆ. ಒಮ್ಮೆ ಕಟಕ್ ಅಂದಿದ್ದರೆ ಸಾಕಿತ್ತು, ಕಾಕಾನನ್ನು ಕರೆಸಲು ಒಂದು ನೆಪ ಸಿಗುತ್ತಿತ್ತು. ಕಾಕಾ ತೀರಿಕೊಂಡ ಸುದ್ದಿ ಬಂದಾಗಲೂ ಅವನು ಕೂಡಿಸಿದ ಗೇರು ಗದ್ದೆಯಲ್ಲಿ ಸರಾಗವಾಗಿ ತಿರುಗುತ್ತಲೇ ಇತ್ತು.