ಎರಡು ತರಗತಿಗಳನ್ನು ಕೂಡಿಸಿದ ಮೇಷ್ಟ್ರಮ್ಮ

ಶಾಲೆಯಲ್ಲಿ ಎಲ್ಲ ಮಕ್ಕಳೂ ಸಮಾನರೆಂದು ಸಭೆಗಳಲ್ಲಿ ಸೊಗಸಾಗಿ ಮಾತನಾಡಿದ ಶಿಕ್ಷಕರನ್ನು ನಮ್ಮ ಇಲಾಖೆ ಬೇಕಾದಷ್ಟು ಕಂಡಿದೆ. ಆ ಮಾತನ್ನು ತರಗತಿಯ ಬೆಂಚಿನವರೆಗೆ ತಂದವರು ಕಡಿಮೆ. ತಂದು, ಅದಕ್ಕಾಗಿ ಒಡಹುಟ್ಟಿದವರನ್ನೇ ಕಳೆದುಕೊಂಡವರು ನಾನು ಬಲ್ಲಂತೆ ಒಬ್ಬರೇ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಮುಖ್ಯೋಪಾಧ್ಯಾಯಿನಿಯವರನ್ನು ಊರೆಲ್ಲ ಲೆಕ್ಕದ ಮೇಷ್ಟ್ರಮ್ಮ ಎಂದೇ ಕರೆಯುತ್ತದೆ. ಮೊದಲು ಅವರ ಶಿಷ್ಯೆಯಾಗಿ, ಆಮೇಲೆ ಅವರ ಶಾಲೆಯಲ್ಲೇ ಶಿಕ್ಷಕಿಯಾಗಿ ಅವರನ್ನು ಹತ್ತಿರದಿಂದ ಕಂಡ ನಾನು ಅವರ ಈ ಅಭಿನಂದನ ಗ್ರಂಥಕ್ಕೆ ಬರೆಯಲು ಕುಳಿತಾಗ ಹಿಗ್ಗಿಗಿಂತ ಸಂಕಟವೇ ಮುಂದೆ ಬಂದು ನಿಂತಿತು. ಅದನ್ನು ಮರೆಮಾಚಿ ಹೊಗಳಿದರೆ ಅವರು ಒಪ್ಪುವವರಲ್ಲ.

ಅವರು ಈ ಶಾಲೆಗೆ ಬಂದಾಗ ಪ್ರತಿ ತರಗತಿಗೂ ಎರಡು ವಿಭಾಗಗಳಿದ್ದವು. ಮೇಲಿನ ಬೀದಿಗಳ ಮಕ್ಕಳು ಮಹಡಿಯ ಮೇಲೆ, ಗಾಳಿ ಬೆಳಕಿನ ಕೋಣೆಗಳಲ್ಲಿ. ಚರಂಡಿಯಾಚೆಯ ಸಾಲುಮನೆಗಳ ಮಕ್ಕಳು, ಅಂದರೆ ಕಸ ಎತ್ತುವವರ, ಮೋರಿ ತೊಳೆಯುವವರ ಮಕ್ಕಳು, ಕೆಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟ ಕೋಣೆಯ ಪಕ್ಕದಲ್ಲಿ. ಬುದ್ಧಿಮಟ್ಟ ನೋಡಿ ವಿಂಗಡಿಸಿದ್ದೇವೆ ಎಂದು ಆಗಿನ ಮುಖ್ಯೋಪಾಧ್ಯಾಯರು ಹೇಳುತ್ತಿದ್ದರು. ಶಾಲೆಗೆ ಸೇರಿದ ದಿನವೇ ಮಗುವಿನ ಬುದ್ಧಿಮಟ್ಟ ಹೇಗೆ ತಿಳಿಯಿತೆಂದು ಯಾರೂ ಕೇಳಿರಲಿಲ್ಲ. ನನ್ನ ಅಪ್ಪ ಕಸದ ಗಾಡಿಯವರು; ನಾನು ಕೆಳಗಿನ ಕೋಣೆಯವಳು. ಅಲ್ಲಿಗೆ ಬರುವ ಶಿಕ್ಷಕರು ಮಹಡಿಯ ಮಕ್ಕಳ ಉತ್ತರಪತ್ರಿಕೆ ತಿದ್ದಲು ಬರುತ್ತಿದ್ದರು. ಲೆಕ್ಕದ ಮೇಷ್ಟ್ರಮ್ಮನವರು ಮಾತ್ರ ಪಾಠ ಹೇಳಲು ಬಂದರು. ನಮ್ಮ ಹೆಸರು ಹಿಡಿದು ಕರೆದರು, ತಪ್ಪು ಮಾಡಿದಾಗ ಮಹಡಿಯವರನ್ನು ಗದರುವಷ್ಟೇ ನಮ್ಮನ್ನೂ ಗದರಿದರು. ಗದರಿಸಿಕೊಳ್ಳುವುದೂ ಒಂದು ಮರ್ಯಾದೆ ಎಂದು ನನಗೆ ಅಂದು ಗೊತ್ತಾಯಿತು.

ಮುಖ್ಯೋಪಾಧ್ಯಾಯಿನಿಯಾದ ವರ್ಷವೇ ಅವರು ಎರಡೂ ವಿಭಾಗಗಳನ್ನು ಕೂಡಿಸಿ, ಹುಟ್ಟಿದ ತಿಂಗಳ ಪ್ರಕಾರ ಎಲ್ಲರನ್ನೂ ಬೆರೆಸಿ ಕೂರಿಸಿದರು. ನನ್ನ ಪಕ್ಕಕ್ಕೆ ಬಂದವಳು ಅವರ ಸ್ವಂತ ಅಕ್ಕನ ಮಗಳು. ಬಾಯಿಬಡುಕಿ. ನಾನು ಬಾಯಿ ತೆರೆಯುವ ಮೊದಲೇ ನನ್ನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಇಬ್ಬರೂ ಕೈಹಾಕುವಷ್ಟು ಸ್ನೇಹವಾಗಲು ವಾರವೂ ಹಿಡಿಯಲಿಲ್ಲ.

ಸ್ನೇಹದ ಜೊತೆಗೆ ಹೇನೂ ಹರಡಿತು. ಮೇಲಿನ ಬೀದಿಗಳಲ್ಲಿ ಗುಲ್ಲೆದ್ದಿತು. ಮೇಷ್ಟ್ರಮ್ಮನವರು ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಲಿಲ್ಲ. ತರಗತಿಗೆ ಔಷಧಿ ತಂದು, ತಮ್ಮ ಜಡೆ ಬಿಚ್ಚಿ, ನಮ್ಮೆಲ್ಲರ ಎದುರಿಗೆ ಮೊದಲು ತಮ್ಮ ತಲೆಗೇ ಹಚ್ಚಿಕೊಂಡರು. "ಬನ್ನಿ, ನನ್ನ ತಲೆ ಆಯ್ತು. ಈಗ ಯಾರದು?" ಎಂದರು. ನಾಚಿಕೆ ಬಿಟ್ಟು ಎಲ್ಲರೂ ಸಾಲು ನಿಂತೆವು.

ಆ ಸಾಲಿನ ನಡುವೆಯೇ ಅವರ ಅಕ್ಕ ಒಳಗೆ ಬಂದರು. ತಾಯಿ ತೀರಿಕೊಂಡ ಮೇಲೆ ಮೇಷ್ಟ್ರಮ್ಮನವರನ್ನು ಸಾಕಿದವರು, ತಮ್ಮ ಓದು ಬಿಟ್ಟು ತಂಗಿಯನ್ನು ಓದಿಸಿದವರು ಈ ಅಕ್ಕ. ಮಗಳ ಕೈ ಹಿಡಿದೆಳೆದು ಕೇಳಿದರು:

"ನಿನ್ನ ಆದರ್ಶಕ್ಕೆ ನನ್ನ ಮಗಳೇ ಬೇಕಿತ್ತೇನೆ?"

"ಊರಿನವರ ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ, ನಮ್ಮ ಮನೆ ಮಗೂನ ಮಾತ್ರ ಬೇರೆ ಕೂರಿಸಲಾ ಅಕ್ಕ?"

"ನಿನಗೊಂದು ಮಗು ಅಂತ ಆಗಿದ್ದಿದ್ರೆ ಈ ಮಾತು ಆಡ್ತಿರಲಿಲ್ಲ."

ಮಕ್ಕಳಿಲ್ಲದ ಮೇಷ್ಟ್ರಮ್ಮನವರು ಸಾಲಿನಲ್ಲಿ ಮುಂದಿದ್ದ ಮಗುವಿನ ತಲೆಗೆ ಔಷಧಿ ಹಚ್ಚಿದರು. ಬಾಯಿಬಡುಕಿ ಅಂದು ಒಂದು ಮಾತೂ ಆಡದೆ ಅಮ್ಮನ ಹಿಂದೆ ಹೋದಳು. ಮುಖ್ಯೋಪಾಧ್ಯಾಯಿನಿಯ ಅಕ್ಕನೇ ಮಗಳನ್ನು ಬಿಡಿಸಿಕೊಂಡು ಹೋದ ಮೇಲೆ ಉಳಿದವರಿಗೆ ಬೇರೆ ಕಾರಣ ಬೇಕಾಗಲಿಲ್ಲ. ರಸ್ತೆಯಾಚೆ ಹೊಸದಾಗಿ ತೆರೆದ ಖಾಸಗಿ ಶಾಲೆಗೆ ಮಹಡಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ನಾವು ಮಹಡಿ ಹತ್ತಿದೆವು. ಅಲ್ಲಿ ನಮ್ಮ ಪಕ್ಕದಲ್ಲಿ ಕೂರಲು ನಾವೇ ಇದ್ದೆವು.

ಅಕ್ಕತಂಗಿಯರ ನಡುವೆ ಮಾತು ನಿಂತಿತು. ನಾನು ಶಿಕ್ಷಕಿಯಾಗಿ ಇದೇ ಶಾಲೆಗೆ ಮರಳಿದ ಮೇಲೆ ತಿಳಿದದ್ದೆಂದರೆ, ಅಷ್ಟು ವರ್ಷವೂ ಮೇಷ್ಟ್ರಮ್ಮನವರು ಭಾನುವಾರಗಳಂದು ಅಕ್ಕನ ಮನೆಯ ಮೆಟ್ಟಿಲವರೆಗೆ ಹೋಗಿ ಬರುತ್ತಿದ್ದರು. ಅಕ್ಕ ಹಾಸಿಗೆ ಹಿಡಿದಾಗಲೂ ಒಳಗಿನಿಂದ ಬಂದ ಉತ್ತರ "ಅಮ್ಮ ಮಲಗಿದ್ದಾರೆ" ಎಂಬುದೇ. ಅಕ್ಕ ತೀರಿಕೊಂಡ ದಿನ ಯಾರೂ ಅವರನ್ನು ಬರಬೇಡವೆನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಜನರ ಹಿಂದೆ ನಿಂತು ಮುಖ ನೋಡಿ ಬಂದರು. ಮತ್ತೆ ಶಾಲೆಗೆ ಬಂದ ಬೆಳಿಗ್ಗೆ ಭಿನ್ನರಾಶಿ ಹೇಳುತ್ತಿದ್ದವರು ಹಲಗೆಯತ್ತ ಮುಖ ಮಾಡಿ ನಿಂತೇಬಿಟ್ಟರು. ನಾನು ಹೋಗಿ ಮೆಲ್ಲಗೆ ಸೀಮೆಸುಣ್ಣ ತೆಗೆದುಕೊಂಡು ಲೆಕ್ಕ ಮುಂದುವರಿಸಿದೆ. ಅವರು ಕಿಟಕಿಯ ಬಳಿ ಕುಳಿತು ಕೊನೆಯವರೆಗೂ ಕೇಳಿ, "ಛೇದ ಬರೆಯೋದು ಮರೆತೆ ನೋಡು" ಎಂದು ನನ್ನ ತಪ್ಪು ತೋರಿಸಿದರು.

ನಾವು ಹಲವರು ಅವರಿಂದ ಮೇಲೆ ಬಂದೆವು ಎಂದು ಒಮ್ಮೆ ಅವರೆದುರು ಹೇಳಿದ್ದೆ. "ನೀವು ಮೇಲೆ ಬಂದಿರಿ, ನಿಜ. ನಾನು ಮಾಡೋಕೆ ಹೊರಟಿದ್ದು ಅಷ್ಟೇ ಆಗಿರಲಿಲ್ಲ. ಗೋಡೆ ಬಿತ್ತು ಅಂದ್ಕೊಂಡೆ. ಅದು ಎದ್ದು ಹೋಗಿ ರಸ್ತೆ ಆ ಕಡೆ ನಿಂತುಕೊಳ್ತು" ಎಂದಿದ್ದರು.

ಮೊನ್ನೆ ಬೀಳ್ಕೊಡುಗೆಯ ಸಮಾರಂಭ ಬೇಡವೆಂದು ಹೇಳಿ, ಕೊನೆಯ ಪಾಠ ಮುಗಿಸಿ, ನನ್ನನ್ನು ಕರೆದುಕೊಂಡು ಮೇಲಿನ ಬೀದಿಯ ಒಂದು ಮನೆಗೆ ಹೋದರು. ಹೊಸದಾಗಿ ಬಾಡಿಗೆಗೆ ಬಂದ ಸಂಸಾರ. ಶಾಲೆಗೆ ಸೇರುವ ವಯಸ್ಸಿನ ಮಗುವಿತ್ತು; ನಮ್ಮ ಶಾಲೆಗೆ ಕಳಿಸಿ ಎಂದು ಕೇಳಿದರು.

"ಅಲ್ಲಿಗೆ ಎಂಥ ಮಕ್ಕಳು ಬರ್ತಾರೆ ಮೇಡಂ?" ಎಂದು ಮಗುವಿನ ತಾಯಿ ಬಾಗಿಲಲ್ಲೇ ನಿಂತು ಕೇಳಿದರು.

"ಇವಳಂಥವರು. ಇವಳು ಅಲ್ಲೇ ಓದಿದವಳು, ಈಗ ಅಲ್ಲೇ ಟೀಚರ್."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೋಡೋಣ ಮೇಡಂ. ಮನೆಯವರನ್ನ ಕೇಳ್ತೀನಿ."

ಮೆಟ್ಟಿಲಿಳಿಯುವಾಗ ಮೇಷ್ಟ್ರಮ್ಮನವರು ನನ್ನ ಭುಜ ಹಿಡಿದುಕೊಂಡು, "ಇಲ್ಲ ಅನ್ನಲಿಲ್ಲ ನೋಡು" ಎಂದರು. ಆ 'ನೋಡೋಣ'ದ ಅರ್ಥ ನನಗೆ ಗೊತ್ತಿತ್ತು; ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಬರೋಣವೆಂದರು.

ಮೇಷ್ಟ್ರಮ್ಮನವರಿಗೆ ದೀರ್ಘಾಯುಸ್ಸು ಇರಲಿ. ಆ ಮೆಟ್ಟಿಲುಗಳನ್ನು ಹತ್ತಲು ಅವರ ಮೊಣಕಾಲುಗಳಿಗೆ ಬಲವಿರಲಿ. ಯಾವುದಾದರೂ ಒಂದು ಮನೆಯವರು ಅವರನ್ನು ಒಳಗೆ ಕರೆದು ಕೂರಿಸಲಿ.