ನೀರಿಲ್ಲ ಎಂದ ಕೋಲಣ್ಣ

ನನ್ನ ಅಣ್ಣನನ್ನು ಪೆಟ್ರೋಲ್ ಬಂಕಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವನು ಕೋಲಣ್ಣ. ಬೆಳಿಗ್ಗೆ ಆರಕ್ಕೆ ನೆಲದಡಿಯ ಟ್ಯಾಂಕಿನ ಮುಚ್ಚಳ ತೆಗೆದು, ಉದ್ದನೆಯ ಅಳತೆ ಕೋಲಿನ ತುದಿಗೆ ಒಂದು ಬಗೆಯ ಮುಲಾಮು ಸವರಿ ಒಳಗಿಳಿಸುತ್ತಿದ್ದ. ತಳದಲ್ಲಿ ನೀರು ಸೇರಿದ್ದರೆ ಮುಲಾಮು ಕೆಂಪಾಗುತ್ತದೆ. ಆಗದಿದ್ದರೆ “ನೀರಿಲ್ಲ” ಎನ್ನುತ್ತಿದ್ದ. ಅವನು ಹಾಗೆಂದ ಮೇಲೆಯೇ ಪಂಪುಗಳು ಚಾಲೂ ಆಗಬೇಕು. ಮೂವತ್ತೊಂದು ವರ್ಷ ಅವನ ಅನ್ನ ಈ ಒಂದು ಮಾತಿನ ಮೇಲೆ ನಡೆದಿತ್ತು.

ಮನೆಯಲ್ಲೂ ಅವನ ಮಾತು ಅಷ್ಟೇ. ಇದೆ, ಇಲ್ಲ, ಹೌದು, ಅಲ್ಲ. ನಾನು ಶಾಲೆಯ ವ್ಯಾನ್ ಓಡಿಸುವವಳು, ಬಾಯಿ ಜೋರು. ಅವನ ಪಾಲಿನ ಮಾತನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ ಎಂದು ಅತ್ತಿಗೆ ನಗುತ್ತಿದ್ದಳು.

ಇಂಥ ಮನುಷ್ಯನ ತಲೆ ಕೆಟ್ಟದ್ದು ಪೆಟ್ರೋಲಿಗೆ ಎಥನಾಲ್ ಬೆರೆಸಲು ಶುರುವಾದ ಮೇಲೆ. ಕಬ್ಬು, ಜೋಳಗಳಿಂದ ತೆಗೆದ ಸ್ಪಿರಿಟ್ಟು ಅದು. ಇನ್ನು ನಮ್ಮ ಹೊಲಗಳೇ ನಮ್ಮ ಎಣ್ಣೆ ಬಾವಿಗಳು ಎಂದು ಮಂತ್ರಿ ರೇಡಿಯೋದಲ್ಲಿ ಕೂಗಿದರು. ಟ್ಯಾಕ್ಸಿ ಸಂಘದ ಅಧ್ಯಕ್ಷ ಬಂಕಿನಲ್ಲೇ ನಿಂತು, “ತಿನ್ನೋ ಜೋಳಾನೂ ಸುಡ್ತಾರೆ, ನಮ್ಮ ಇಂಜಿನ್ನೂ ಸುಡ್ತಾರೆ” ಎಂದು ಬೈದ. ಅಣ್ಣನ ಅಳಿಯ ಆ ಎಥನಾಲ್ ತಯಾರಿಸುವ ಕಾರ್ಖಾನೆಯಲ್ಲೇ ಫಿಟ್ಟರ್. “ಮಾವ, ಹೊರಗಿನವರ ಎಣ್ಣೆಗೆ ಹೋಗೋ ದುಡ್ಡು ನಮ್ಮ ರೈತರ ಕೈಗೆ ಬಂದ್ರೆ ಯಾರಿಗೆ ಏನು ನಷ್ಟ?” ಎಂಬುದು ಅವನ ವಾದ.

ಅಣ್ಣ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ. “ಎಲ್ರೂ ಸರಿಯಾಗೇ ಹೇಳ್ತಿದ್ದಾರಲ್ಲೇ” ಎನ್ನುತ್ತಿದ್ದ, ಏನೋ ಕಳೆದುಕೊಂಡವನ ದನಿಯಲ್ಲಿ. ನನಗೆ ಸಿಟ್ಟು ಬರುತ್ತಿತ್ತು. ಅರವತ್ತರ ಹತ್ತಿರ ಬಂದ ಮನುಷ್ಯನಿಗೆ ಒಂದು ಕಡೆ ಅಂತ ಬೇಡವೇ?

ಆ ಸಲ ಮೂರು ದಿನ ಮಳೆ ಹಿಡಿಯಿತು. ನಾಲ್ಕನೆಯ ಬೆಳಿಗ್ಗೆ ಅವನು ಎಂದಿನಂತೆ ಕೋಲು ಇಳಿಸಿ, ತೆಗೆದು, ನೋಡಿ, “ನೀರಿಲ್ಲ” ಎಂದ. ಮೊದಲ ಗಿರಾಕಿ ನಾನೇ. ಎಂಟೂವರೆಗೆ ಸೇತುವೆಯ ನಟ್ಟನಡುವೆ, ಹತ್ತೊಂಬತ್ತು ಮಕ್ಕಳ ಸಮೇತ, ನನ್ನ ವ್ಯಾನು ಗೂರಲು ರೋಗಿಯ ಹಾಗೆ ಕೆಮ್ಮಿ ನಿಂತಿತು. ಹಿಂದೆ ಲಾರಿಗಳ ಹಾರನ್ನು, ಒಳಗೆ ಮಕ್ಕಳ ಅಳು. ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ಟ್ಯಾಕ್ಸಿಗಳು ಅಲ್ಲಲ್ಲಿ ನಿಂತಿದ್ದವು. ಎಲ್ಲವೂ ಅಣ್ಣನ ಬಂಕಿನಲ್ಲೇ ಪೆಟ್ರೋಲ್ ತುಂಬಿಸಿಕೊಂಡವು.

ಸಂಜೆ ಅಡುಗೆಮನೆಯಲ್ಲಿ ಅವನು ನನ್ನೊಬ್ಬಳ ಹತ್ತಿರ ಬಾಯಿಬಿಟ್ಟ. ಮುಚ್ಚಳದ ರಬ್ಬರು ಸವೆದು ಮಳೆನೀರು ಇಳಿದಿತ್ತು. ಬರೀ ಪೆಟ್ರೋಲಾಗಿದ್ದರೆ ನೀರು ಬೇರೆಯಾಗಿ ತಳದಲ್ಲಿ ನಿಲ್ಲುತ್ತಿತ್ತು, ಮುಲಾಮು ಹಿಡಿದುಕೊಡುತ್ತಿತ್ತು. ಆದರೆ ಎಥನಾಲ್ ನೀರನ್ನು ಕುಡಿದು, ತಾನೂ ಅದರ ಜೊತೆ ತಳ ಸೇರುತ್ತದೆ. ಹಾಗೆ ಬೆರೆತ ನೀರು ಹಳೆಯ ಮುಲಾಮಿನ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆಂದೇ ಪೆಟ್ರೋಲ್ ಕಂಪನಿಯವರು ಮೂರು ವಾರದ ಹಿಂದೆ ಬೇರೆ ಮುಲಾಮು ಕೊಟ್ಟುಹೋಗಿದ್ದರು.

“ಮತ್ತೆ ಅದನ್ಯಾಕೆ ಹಚ್ಚಲಿಲ್ಲ?”

“ಹಳೇ ಟ್ಯೂಬಲ್ಲಿ ಇನ್ನೂ ಸ್ವಲ್ಪ ಇತ್ತು ಕಣೇ. ಮುಗೀಲಿ ಅಂತ…”

ನಾನು ತಲೆ ಚಚ್ಚಿಕೊಂಡೆ. ಆದರೂ ಬೈಯುವುದು ಹೇಗೆ? ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸಿ, ಟೂತ್‌ಪೇಸ್ಟನ್ನು ಲಟ್ಟಣಿಗೆಯಿಂದ ಒತ್ತಿ ಬೆಳೆದವರು ನಾವು. ಅವನ ಜಾಗದಲ್ಲಿ ನಾನಿದ್ದರೂ ಹಳೆಯದನ್ನೇ ಹಚ್ಚುತ್ತಿದ್ದೆ.

ಸರ್ಕಾರದವರು ವಿಚಾರಣೆ ಇಟ್ಟರು. ಮರುದಿನದಿಂದ ಮನೆಗೆ ಜನ. ಮೊದಲು ಟ್ಯಾಕ್ಸಿ ಅಧ್ಯಕ್ಷ. “ಅಣ್ಣಾ, ವಿಚಾರಣೇಲಿ ಒಂದೇ ಮಾತು ಹೇಳಿ. ಎಥನಾಲ್ ಮಿಶ್ರಣದಿಂದಲೇ ಆಯ್ತು ಅಂತ. ನಿಮ್ಮ ಕೆಲಸಾನೂ ಉಳಿಯುತ್ತೆ.” ಸುಳ್ಳೇನಲ್ಲ. ಬಂಕಿನ ಮಾಲೀಕನಿಗೂ ಅದೇ ಬೇಕಿತ್ತು. ಅಧ್ಯಕ್ಷ ಹೊರಟ ಮೇಲೆ ಮಗಳು, ಅಳಿಯ ಬಂದರು. ಅಳಿಯ ಚಾಪೆಯ ಅಂಚನ್ನೇ ನೋಡುತ್ತಾ ಕೂತಿದ್ದ. “ಮಾವ, ನಿಮ್ಮ ಮಾತು ಹಿಡ್ಕೊಂಡು ಮಿಶ್ರಣ ನಿಲ್ಲಿಸಿದ್ರೆ ನಮ್ಮ ಕಾರ್ಖಾನೆಗೆ ಬೀಗ. ನಾನ್ನೂರು ಮನೆ.” ಪಕ್ಕದಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಏಳು ತಿಂಗಳ ಬಸುರಿ ಅವಳು.

ಅತ್ತ ದರಿ, ಇತ್ತ ಪುಲಿ. ಮಿಶ್ರಣವನ್ನು ದೂರಿದರೆ ಮಗಳ ಮನೆ, ತನ್ನನ್ನೇ ದೂರಿಕೊಂಡರೆ ತನ್ನ ಕೆಲಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಏನಾದರೂ ಹೇಳಿ ಪಾರಾಗು, “ನೆನಪಿಲ್ಲ” ಅಂದುಬಿಡು ಎಂದೆ. “ನೆನಪಿದೆಯಲ್ಲ” ಎಂದ.

ವಿಚಾರಣೆ ನಗರಸಭೆಯ ಹಾಲಿನಲ್ಲಿ. ಎಡಕ್ಕೆ ಟ್ಯಾಕ್ಸಿಯವರು, ಬಲಕ್ಕೆ ಕಾರ್ಖಾನೆಯವರು, ಮಧ್ಯೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಅಣ್ಣ. ಅಧಿಕಾರಿ ಕೇಳಿದರು: “ಮಿಶ್ರಣದ್ದು ತಪ್ಪಾ, ನಿಮ್ಮದಾ?”

ಅಣ್ಣ ಎದ್ದು ನಿಂತ. ಆಮೇಲೆ ಅವನ ಜೀವನದಲ್ಲೇ ನಾನು ಕೇಳಿದ ಅತಿ ಉದ್ದದ ಮಾತು ಆಡಿದ. “ಸಾರ್, ಮುಚ್ಚಳ ಸವೆದಿತ್ತು. ಮಾಲೀಕರಿಗೆ ಹೇಳಿದ್ದೆ, ಬದಲಾಯಿಸಿರಲಿಲ್ಲ. ಮಿಶ್ರಣ ನೀರು ಕುಡೀತು, ಅದರ ಗುಣವೇ ಅದು. ಹೊಸ ಮುಲಾಮು ಹಚ್ಚಿದ್ರೆ ಗೊತ್ತಾಗ್ತಿತ್ತು. ನಾನು ಹಚ್ಚಲಿಲ್ಲ. ಇದರಲ್ಲಿ ಯಾವುದು ಎಷ್ಟು ಅಂತ ನನಗೆ ತಿಳೀತಿಲ್ಲ. ನೀವು ಓದಿದವರು, ನೀವೇ ಹೇಳಿ.”

ಓದಿದವರು ಬರೆದುಕೊಂಡರು, ಅಷ್ಟೇ.

ಎರಡು ದಿನಕ್ಕೆ ಊರ ಗೋಡೆಗಳ ಮೇಲೆ ಎರಡು ಪೋಸ್ಟರ್. ಒಂದರಲ್ಲಿ “ಮಿಶ್ರಣ ನೀರು ಕುಡಿಯಿತು: ಬಂಕಿನ ಹಿರಿಯನ ಸಾಕ್ಷಿ”. ಇನ್ನೊಂದರಲ್ಲಿ “ತಪ್ಪು ನನ್ನದೇ: ಬಂಕಿನ ನೌಕರನ ತಪ್ಪೊಪ್ಪಿಗೆ”. ಎರಡರಲ್ಲೂ ಒಂದೇ ಫೋಟೋ. ಮಾಲೀಕ ಮುಚ್ಚಳದ ಮಾತನ್ನು ಮಾತ್ರ ನೆನಪಿಟ್ಟುಕೊಂಡ. ಸೋಮವಾರದಿಂದ ಬರುವುದು ಬೇಡ ಎಂದ.

ಸೋಮವಾರ ನಾನು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಾಗ ಅವನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಹತ್ತು ಗಂಟೆಯ ಬಿಸಿಲಿನಲ್ಲಿ ಅವನನ್ನು ಮನೆಯಲ್ಲಿ ನೋಡಿ ಅಭ್ಯಾಸವೇ ಇಲ್ಲ.

“ಟ್ಯಾಕ್ಸಿಯವನು ಫೋನ್ ಮಾಡಿದ್ದ, ಉಪಕಾರ ಆಯ್ತು ಅಂದ. ಅಳಿಯನೂ ಮಾಡಿದ್ದ, ಅವನೂ ಅದನ್ನೇ ಅಂದ” ಎಂದು ಹೇಳಿ ನನ್ನ ಮುಖ ನೋಡಿದ. “ಹಾಗಾದ್ರೆ ನಾನು ಸರಿಯಾಗಿ ಹೇಳಿದ್ನಾ, ತಪ್ಪಾಗಿ ಹೇಳಿದ್ನಾ?”

ಅಣ್ಣ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಅವನ ಪಕ್ಕದಲ್ಲಿ ಕೂತೆ.