ಖಣದ ಪ್ಯಾರಾಚೂಟು

ತವರುಮನೆಯ ಮಾಳಿಗೆಯಿಂದ ಮಗಳು ಪ್ಲಾಸ್ಟಿಕ್ ಚೀಲದ ಪ್ಯಾರಾಚೂಟು ಬಿಟ್ಟಳು. ಅದು ಮುದ್ದೆಯಾಗಿ ಧೊಪ್ಪೆಂದು ಬಿತ್ತು.

ನನ್ನ ಬಾಲ್ಯದಲ್ಲಿ ಇದೇ ಬೆಟಗೇರಿ ಮನೆಯಲ್ಲಿ ಹಾರುವಂಥದ್ದನ್ನು ಮಾಡಿಕೊಟ್ಟವಳು ಚಿಕ್ಕವ್ವ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳಿಗೆ ಯಾರೂ ಉಡಿ ತುಂಬುತ್ತಿರಲಿಲ್ಲ. ಮದುವೆಯ ಉಡಿಗೆ ಬಂದಿದ್ದ ಕೆಂಪು ಕುಪ್ಪಸದ ಖಣವೊಂದು ಟ್ರಂಕಿನಲ್ಲಿ ಹಾಗೇ ಉಳಿದಿತ್ತು. ಅದರ ಮೂಲೆಗಳಿಗೆ ಮಗ್ಗದ ನೂಲು ಕಟ್ಟಿ, ಕೆಳಗೊಂದು ಕಲ್ಲು ಬಿಗಿದು ಮಾಳಿಗೆಯಿಂದ ಬಿಟ್ಟಳು. ಅದು ಅರಳಿಕೊಂಡು ಇಳಿಯುವಾಗ ಜೋರಾಗಿ ನಕ್ಕಳು.

ಅಂಗಳದಲ್ಲಿದ್ದ ಅಜ್ಜಿ ಅದನ್ನೆತ್ತಿ ನೀರೊಲೆಗೆ ತುರುಕಿದಳು. "ಗಂಡನ್ನ ನುಂಗಿದಾಕಿಗೆ ನಗು ಬ್ಯಾರೆ ಕೇಡು!" ರೇಷ್ಮೆ ಸುಟ್ಟ ಕಮಟು ವಾಸನೆ ಸಂಜೆತನಕ ಹೋಗಲಿಲ್ಲ.

ಮುಂದೆ ಅಜ್ಜ ಹೋದರು. ಕರ್ಮ ಮುಗಿದ ಮರುದಿನವೇ ಚಿಕ್ಕವ್ವ ಅಜ್ಜಿಯ ಟ್ರಂಕು ತೆಗೆದು, ಹಸಿರು ಖಣ ಹಿಡಿದು ನಮ್ಮನ್ನು ಕರೆದಳು. "ಬರ್ರಿ, ಪ್ಯಾರಾಚೂಟ್ ಮಾಡೂಣು. ಇನ್ನ ಇದನ್ನ ತೊಡಾವ್ರು ಯಾರದಾರ?" ಅಜ್ಜಿ ಬಳೆ ತೆಗೆಸಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ನಾವು ಚಪ್ಪಾಳೆ ಹೊಡೆದೆವು.

ಈಗ ಹಣ್ಣುಮುದುಕಿಯಾದ ಚಿಕ್ಕವ್ವ ಕಟ್ಟೆಯ ಮೇಲಿಂದ ನನ್ನ ಮಗಳಿಗೆ ಹೇಳಿಕೊಡುತ್ತಿದ್ದಾಳೆ:

"ಪ್ಲಾಸ್ಟಿಕ್ ಹಾರಾಂಗಿಲ್ಲವ್ವಾ. ನಿಮ್ಮವ್ವನ ಖಣ ತಗೊಂಬಾ. ನಿಮ್ಮಪ್ಪ ಹೋದಮ್ಯಾಗ ಆಕಿ ಎಲ್ಲಿ ತೊಡತಾಳ?"